ತರಗತಿಯೊಳಗೊಂದು ಕ್ಯಾಮೆರಾ

ಅಮೆರಿಕದ ಸಿ-ಸ್ಪ್ಯಾನ್ ವಾಹಿನಿಯ ‘ಲೆಕ್ಚರ್ಸ್ ಇನ್ ಹಿಸ್ಟರಿ’ ನೋಡಲು ಕೂತವರಿಗೆ ಸಿಗುವುದು ನಿಜವಾದ ಕಾಲೇಜು ಪಾಠ. ಹಿನ್ನೆಲೆ ಸಂಗೀತವಿಲ್ಲ, ವೇಷ ಕಟ್ಟಿದ ನಟರಿಲ್ಲ, ನಡುವೆ ನುಗ್ಗುವ ಜಾಹೀರಾತೂ ಇಲ್ಲ.

1979ರಲ್ಲಿ ಬ್ರಯಾನ್ ಲ್ಯಾಂಬ್ ಕಟ್ಟಿದ ಈ ವಾಹಿನಿ ಮೊದಲು ತೋರಿಸಿದ್ದು ಸಂಸತ್ತಿನ ಕಲಾಪವನ್ನು. ಈ ಪಾಠಗಳು ಬರುವ ವಾರಾಂತ್ಯದ ಇತಿಹಾಸ ಪ್ರಸಾರ 2011ರಲ್ಲಿ ಆರಂಭವಾಯಿತು.

ಪಾಠಕ್ಕೆ ಒದಗುವ ಇಂಥ ಪ್ರಶ್ನೆಗಳನ್ನೇ ನೋಡಿ: ಅಂತರ್ಯುದ್ಧದ ನಡುವೆ ಅಧ್ಯಕ್ಷ ಲಿಂಕನ್ 1863ರಲ್ಲಿ ಹೊರಡಿಸಿದ ಗುಲಾಮರ ವಿಮೋಚನಾ ಘೋಷಣೆ ಬಂಡೆದ್ದ ಪ್ರದೇಶಗಳಿಗಷ್ಟೇ ಅನ್ವಯಿಸಿದ್ದೇಕೆ? ದೇಶದಾದ್ಯಂತ ಗುಲಾಮಗಿರಿ ಅಳಿಸಲು ಸಂವಿಧಾನದ 1865ರ 13ನೇ ತಿದ್ದುಪಡಿಯೇ ಬೇಕಾದದ್ದೇಕೆ? ಯುದ್ಧಕಾಲದ ಅಧಿಕಾರ, ಗಡಿ ರಾಜ್ಯಗಳ ನಿಷ್ಠೆ, ಸಂವಿಧಾನದ ಮಿತಿ, ಮಾಲೀಕರನ್ನು ತೊರೆದು ಸೇನೆಯ ಶಿಬಿರಗಳಿಗೆ ಬಂದ ಗುಲಾಮರ ಧೈರ್ಯ, ಎಲ್ಲವನ್ನೂ ಬಿಡಿಸಿ ಹೇಳಲು ವ್ಯವಧಾನ ಬೇಕು. ಎರಡು ನಿಮಿಷದ ತುಣುಕಿಗೆ ಇದು ದಕ್ಕದು. ಈ ಕಾರ್ಯಕ್ರಮ ಆ ವ್ಯವಧಾನವನ್ನು ಧಾರಾಳವಾಗಿ ಕೊಡುತ್ತದೆ. ವಿದ್ಯಾರ್ಥಿಗಳ ಪ್ರಶ್ನೆಗಳನ್ನೂ ಕೇಳಿಸುತ್ತದೆ.