ಇಪ್ಪತ್ತು ನಿಮಿಷದ ಬ್ರೇಕ್ ಪ್ಯಾಡ್

‘ಮನೆಯಲ್ಲೇ ಬ್ರೇಕ್ ಪ್ಯಾಡ್ ಬದಲಿಸಿ, ಇಪ್ಪತ್ತೇ ನಿಮಿಷ’ ಅನ್ನೋ ವಿಡಿಯೋಗಳ ಮೇಲೆ ನನ್ನದೊಂದು ತಕರಾರಿದೆ. ಬೋಲ್ಟ್ ಬಿಚ್ಚೋದನ್ನ ಚೆನ್ನಾಗೇ ತೋರಿಸ್ತಾರೆ. ಆದರೆ ಕಾರು ನಿಂತಿರೋದು ನುಣ್ಣನೆ ಕಾಂಕ್ರೀಟ್ ಮೇಲೆ. ಚಳ್ಳಕೆರೆ ಪಕ್ಕದ ನಮ್ಮ ನನ್ನಿವಾಳದಲ್ಲಿ ಅದು ನಿಲ್ಲೋದು ಮಣ್ಣಿನ ಅಂಗಳದಲ್ಲಿ. ಜ್ಯಾಕ್ ಒಂದು ಕಡೆ ಕುಸಿದರೆ ಮುಗೀತು. ಅಡಿಗೆ ದಪ್ಪ ಹಲಗೆ, ಹಿಂದಿನ ಚಕ್ರಕ್ಕೆ ಕಲ್ಲು, ಭಾರ ಹೊರೋಕೆ ಜ್ಯಾಕ್ ಸ್ಟ್ಯಾಂಡ್, ಇಷ್ಟಿಲ್ಲದೆ ಕೈ ಹಾಕಬಾರದು.

ಬಿಚ್ಚಿದ ಕ್ಯಾಲಿಪರನ್ನು ಬ್ರೇಕ್ ಹೋಸಿಗೆ ಜೋತುಬಿಟ್ಟು ಭಾಷಣ ಮಾಡೋರನ್ನೂ ನೋಡಿದ್ದೇನೆ. ಒಂದು ತಂತಿಯಲ್ಲಿ ಕಟ್ಟೋಕೆ ಏನು ಕಷ್ಟವೋ! ದೊಡ್ಡ ಲೋಪ ಇರೋದು ಕೊನೆಯಲ್ಲಿ. ಹೊಸ ಪ್ಯಾಡ್ ಕೂರಲಿ ಅಂತ ಪಿಸ್ಟನ್ ಹಿಂದಕ್ಕೆ ಒತ್ತಿರುತ್ತೇವೆ. ಹಾಗಾಗಿ ಮೊದಲ ಸಲ ತುಳಿದಾಗ ಪೆಡಲ್ ತಳಕ್ಕೇ ಹೋಗಬಹುದು, ಕಾರು ನಿಲ್ಲೋದಿಲ್ಲ. ಹೊರಡುವ ಮೊದಲೇ, ನಿಂತಲ್ಲೇ, ಪೆಡಲ್ ಗಟ್ಟಿಯಾಗೋ ತನಕ ತುಳೀಬೇಕು. ಹಬ್ಬಕ್ಕೆ ಊರಿಗೆ ಬಂದು, ಬಿಡುವಲ್ಲಿ ಪ್ಯಾಡ್ ಹಾಕಿ, ಸಂಜೆ ಹಿರಿಯೂರಿನ ಮೇಲೆ ಬೆಂಗಳೂರಿಗೆ ಹೊರಡೋರಿಗೆ ಹೇಳಲೇಬೇಕಾದ ಮಾತಿದು. ಆ ಹೊತ್ತಿಗೆ ವಿಡಿಯೋದವರು ‘ಸಬ್‌ಸ್ಕ್ರೈಬ್ ಮಾಡಿ’ ಅಂತಿರುತ್ತಾರೆ.

ಹಾಗಂತ ವಿಡಿಯೋ ನೋಡಬೇಡಿ ಅನ್ನಲ್ಲ. ಲೈನಿಂಗ್ ಸುಮಾರು 3 ಮಿ.ಮೀ.ಗೆ ಸವೆದರೆ ಬದಲಿಸಿ, ಎಡ-ಬಲ ಎರಡೂ ಒಟ್ಟಿಗೇ ಹಾಕಿ ಅಂತ ಎಷ್ಟೋ ಜನಕ್ಕೆ ಕಲಿಸಿದ್ದು ಅವೇ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ, ಪ್ಯಾಡ್ ಹೊಸದಾದರೂ ಅದು ಹಳೇದೇ ಅನ್ನೋದನ್ನ ಮಾತ್ರ ಯಾರೂ ಹೇಳಲ್ಲ. ಎಷ್ಟು ವರ್ಷಕ್ಕೆ ಬದಲಿಸಬೇಕು ಅನ್ನೋದು ಕಾರಿನ ಜೊತೆ ಬಂದ ಕೈಪಿಡಿಯಲ್ಲಿದೆ. ಅದರ ಪ್ಲಾಸ್ಟಿಕ್ ಕವರನ್ನೇ ನಾವಿನ್ನೂ ಬಿಚ್ಚಿಲ್ಲ.