ಕರಾವಳಿಯಲ್ಲಿ ಕ್ಯಾಮೆರಾ ಯಾರ ಪಕ್ಕ ನಿಂತಿತು?

ಫ್ರಾನ್ಸಿನ ಹೊಸ ಅಲೆ ಹುಟ್ಟಿದ್ದು ಸಾಹಿತ್ಯದ ಜೊತೆಗಿನ ಜಗಳದಲ್ಲಿ. 1954ರಲ್ಲಿ ಫ್ರಾಂಸ್ವಾ ತ್ರುಫೋ ಇನ್ನೂ ಇಪ್ಪತ್ತೊಂದರ ಹುಡುಗ. ಹೆಸರಾಂತ ಕಾದಂಬರಿಗಳನ್ನು ಅಚ್ಚುಕಟ್ಟಾಗಿ ತೆರೆಗೆ ತರುತ್ತಿದ್ದ ತನ್ನ ದೇಶದ ಗಣ್ಯ ನಿರ್ದೇಶಕರ ಮೇಲೆ ‘ಕಯೇ ದು ಸಿನೆಮಾ’ ಪತ್ರಿಕೆಯಲ್ಲಿ ಹರಿಹಾಯ್ದ. 1959ರಲ್ಲಿ ತನ್ನ ಬಾಲ್ಯದ ನೋವನ್ನೇ ಬಂಡವಾಳ ಮಾಡಿಕೊಂಡು ‘ದಿ 400 ಬ್ಲೋಸ್’ ತೆಗೆದ.

ಕನ್ನಡದ ಹೊಸ ಅಲೆ ಇದಕ್ಕೆ ತದ್ವಿರುದ್ಧ. ‘ಸಂಸ್ಕಾರ’ (1970), ‘ಚೋಮನ ದುಡಿ’ (1975), ‘ಘಟಶ್ರಾದ್ಧ’ (1977) ಎಲ್ಲವೂ ನವೋದಯ, ನವ್ಯ ಸಾಹಿತ್ಯದ ಹೊಟ್ಟೆಯಿಂದಲೇ ಬಂದವು. ಇದನ್ನು ಕೊರತೆ ಎಂದು ಎಣಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಜಾತಿ, ಭೂಮಿ, ದೈವಗಳ ಪ್ರಶ್ನೆಗಳನ್ನು ಮೊದಲು ಗಟ್ಟಿಯಾಗಿ ಕೇಳಿದ್ದು ಕಾದಂಬರಿಕಾರರು. ಸಿನಿಮಾ ಅವರ ಕೈ ಹಿಡಿದದ್ದು ಸರಿಯಾಗಿಯೇ ಇತ್ತು.

ಶಿರ್ವದಂಥ ಊರಲ್ಲಿ ಕೂತು ‘ಚೋಮನ ದುಡಿ’ ನೋಡಿದರೆ ಈ ಮಾತಿನ ತೂಕ ತಿಳಿಯುತ್ತದೆ. ಆರೋಗ್ಯ ಮಾತೆಯ ಇಗರ್ಜಿ, ದೈವಸ್ಥಾನ, ಮಸೀದಿ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ ಇರುವ ಊರಿದು. ಮತ ಬದಲಿಸಿದರೆ ಉಳಲು ಗದ್ದೆ ಸಿಕ್ಕೀತು ಎಂಬ ಚೋಮನ ಆಸೆ ಇಲ್ಲಿ ಬರೀ ಕಥೆಯಲ್ಲ. ಶಿವರಾಮ ಕಾರಂತರ 1933ರ ಕಾದಂಬರಿಯಲ್ಲಿ ಅವನನ್ನು ಹಿಂದಕ್ಕೆ ಎಳೆಯುವುದು ಅವನೇ ನಂಬಿದ ಪಂಜುರ್ಲಿ ದೈವ. ಬಂಟ್ವಾಳದ ಮಂಚಿಯ ಬಿ.ವಿ. ಕಾರಂತರು ಅದನ್ನು ಚಿತ್ರ ಮಾಡುವ ಹೊತ್ತಿಗೆ 1974ರ ಭೂಸುಧಾರಣೆ ಬಂದಿತ್ತು. ಒಕ್ಕಲುಗಳು ಗೇಣಿ ಭೂಮಿಯ ಹಕ್ಕಿಗಾಗಿ ಡಿಕ್ಲರೇಶನ್ ಹಾಕುತ್ತಿದ್ದ ಕಾಲ. ಆದರೆ ಚೋಮ ಒಕ್ಕಲಲ್ಲ, ಒಡೆಯರ ಮನೆಯ ಆಳು. ಉಳುವವನಿಗೆ ಭೂಮಿ ಎಂದಾಗಲೂ ಉಳಲು ಬಿಡದವನಿಗೆ ಏನು ಸಿಕ್ಕಿತು? ಚಿತ್ರ ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ. ವಾಸುದೇವರಾವ್ ಅವರ ದುಡಿ ಬಡಿಯುವ ಕೈ ಕೇಳುತ್ತದೆ.

ಒಂದು ತಕರಾರಂತೂ ನನಗಿದೆ. ನಮ್ಮ ಕಡೆಯ ಚೋಮ ಮನೆಯಲ್ಲಿ ಆಡುತ್ತಿದ್ದುದು ತುಳು. ತೆರೆಯ ಮೇಲೆ ಅವನ ಸಂಕಟಕ್ಕೆ ಕನ್ನಡವೇ ಗತಿಯಾಯಿತು.

ಆ ಚಿತ್ರದಲ್ಲಿ ಸಹಾಯಕರಾಗಿದ್ದವರು ಗಿರೀಶ ಕಾಸರವಳ್ಳಿ. ತೀರ್ಥಹಳ್ಳಿ ಸೀಮೆಯವರು, ಘಟ್ಟ ಇಳಿದು ಬಂದು ಮಣಿಪಾಲದಲ್ಲಿ ಫಾರ್ಮಸಿ ಓದಿದರು, ಆ ದಾರಿ ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿ 1975ರಲ್ಲಿ ಹೊರಬಂದರು. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ ‘ಘಟಶ್ರಾದ್ಧ’ದಲ್ಲಿ ಎಲ್ಲವನ್ನೂ ನೋಡುವವನು ನಾಣಿ ಎಂಬ ಹುಡುಗ. ತ್ರುಫೋನ ಹುಡುಗ ಕೊನೆಗೆ ಸಮುದ್ರದತ್ತ ಓಡುತ್ತಾನೆ. ನಾಣಿಗೆ ಓಡುವ ಜಾಗವೇ ಇಲ್ಲ. ವಿಧವೆ ಯಮುನಕ್ಕನನ್ನು ಊರು ಹೊರಹಾಕಿದ್ದನ್ನು ಕಂಡು ಅಪ್ಪನ ಹಿಂದೆ ಹೋಗಬೇಕು. ಸ್ವರ್ಣಕಮಲ ಪಡೆದ ಈ ಚಿತ್ರ ಜೀರ್ಣೋದ್ಧಾರಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮತ್ತೆ ತೆರೆ ಕಂಡಿತು. ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ ಚಿತ್ರಗಳೂ ಸ್ವರ್ಣಕಮಲ ತಂದವು.

ಅವರ ಅತ್ಯುತ್ತಮ ಕೃತಿ ಯಾವುದೆಂದರೆ ನಾನು ಹೇಳುವುದು ‘ಗುಲಾಬಿ ಟಾಕೀಸ್’ (2008). ವೈದೇಹಿಯವರ ಕಥೆಯ ಟಾಕೀಸನ್ನು ಬಿಟ್ಟು ಕಾಸರವಳ್ಳಿ ಕಾರ್ಗಿಲ್ ಯುದ್ಧದ ಹೊತ್ತಿನ ಮೀನುಗಾರರ ಕೇರಿಗೆ ಬಣ್ಣದ ಟಿವಿ ತಂದರು. ಸೂಲಗಿತ್ತಿ ಗುಲಾಬಿಯ ಗುಡಿಸಲಲ್ಲಿ ಟಿವಿ ಎದುರು ಹೆಂಗಸರು ಕೂಡುತ್ತಾರೆ. ಅದೇ ಟಿವಿ ಯುದ್ಧದ ಸುದ್ದಿಯನ್ನೂ ತರುತ್ತದೆ. ದೊಡ್ಡ ಬೋಟಿನವರಿಗೂ ಸಣ್ಣ ದೋಣಿಯವರಿಗೂ ಇದ್ದ ಮೀನಿನ ಜಗಳ ನೋಡನೋಡುತ್ತ ಹಿಂದೂ ಮುಸ್ಲಿಂ ಜಗಳವಾಗುತ್ತದೆ. ಕೋಮುದ್ವೇಷಕ್ಕೆ ಹೊಟ್ಟೆಪಾಡಿನ ಬೇರು ಇರುವುದನ್ನು ಇಷ್ಟು ಸಾವಧಾನವಾಗಿ ತೋರಿಸಿದ ಇನ್ನೊಂದು ಕನ್ನಡ ಚಿತ್ರ ನನಗೆ ಗೊತ್ತಿಲ್ಲ. ಉಮಾಶ್ರೀ ಅವರ ನಗುವಿಗೆ ರಾಷ್ಟ್ರಪ್ರಶಸ್ತಿ ಬಂತು, ಬರಲೇಬೇಕಿತ್ತು. ಇಲ್ಲಿ ಕಾಸರವಳ್ಳಿ ಕಥೆಯನ್ನು ಪಾಲಿಸಲಿಲ್ಲ, ಬೆಳೆಸಿದರು. ತ್ರುಫೋನ ಸಿಟ್ಟಿಗೆ ಕನ್ನಡ ಕೊಟ್ಟ ಉತ್ತರ ಅದೇ.

ಮುಂದಿನ ತಲೆಮಾರು ಕರಾವಳಿಯವರದೇ. ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ (2014), ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ (2017) ಬಂದ ಮೇಲೆ ನಮ್ಮ ಆಡುಮಾತು ಹಾಸ್ಯಪಾತ್ರಗಳ ಪಾಲಿನದಾಗಿ ಉಳಿಯಲಿಲ್ಲ. ಅದು ದೊಡ್ಡ ಗಳಿಕೆ. ರಿಷಬ್ ಶೆಟ್ಟಿಯವರ ‘ಕಾಂತಾರ’ (2022) ಕುಂದಾಪ್ರ ಕನ್ನಡವನ್ನು, ಪಂಜುರ್ಲಿಯನ್ನು ದೇಶಕ್ಕೆಲ್ಲ ಕೇಳಿಸಿತು. ಆದರೆ ದೈವವೂ ಭೂಮಿಯೂ ಅಲ್ಲಿ ಸೇರಿದ ಬಗೆ ನೋಡಿ. ಚೋಮನಿಗೆ ದೈವ ನಂಬಿಕೆಯೂ ಹೌದು, ಕಟ್ಟೂ ಹೌದು. ಗದ್ದೆಯಿಲ್ಲದೆಯೇ ಅವನು ಸತ್ತ. ‘ಕಾಂತಾರ’ದಲ್ಲಿ ದೈವವೇ ಬಂದು ಭೂಮಿಯ ಲೆಕ್ಕ ಚುಕ್ತಾ ಮಾಡುತ್ತದೆ. ಕೊನೆಯ ಆವೇಶ ಮೈ ಜುಮ್ಮೆನಿಸುತ್ತದೆ, ನಿಜ. ಆದರೆ ಕ್ಯಾಮೆರಾ ವೀರನ ಪಕ್ಕಕ್ಕೆ ಸರಿದಿರುತ್ತದೆ. ಚಿತ್ರದುದ್ದಕ್ಕೂ ಹೆಂಗಸರು ಅಂಚಿನಲ್ಲೇ ಉಳಿಯುತ್ತಾರೆ. ಗುಲಾಬಿಯನ್ನು ಕಂಡ ಕಣ್ಣಿಗೆ ಇದು ಹಿಂದಿನ ಹೆಜ್ಜೆ.

ಮಾತು ಮತ್ತು ನೋಟ ಎರಡೂ ಒಟ್ಟಿಗೆ ಸಾಧ್ಯ ಎಂದು ನನಗೆ ಧೈರ್ಯ ಬಂದದ್ದು ಅಭಯಸಿಂಹರ ‘ಪಡ್ಡಾಯಿ’ಯಿಂದ. ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಅನ್ನು ಅವರು ಮೊಗವೀರರ ಕಡಲತಡಿಗೆ ಇಳಿಸಿದರು. ಸಿಂಹಾಸನದ ಆಸೆ ಬೋಟಿನ ಯಜಮಾನಿಕೆಯ ಆಸೆಯಾಯಿತು. ಮತ್ತೆ ಸಾಹಿತ್ಯವೇ ಬೆನ್ನೆಲುಬು. ಆದರೆ ಈ ಸಲ ಆಸೆಯೂ ಪಾಪವೂ ಪೂರ್ತಿ ತುಳುವಿನಲ್ಲೇ ಮಾತಾಡಿದವು.