ಇಪ್ಪತ್ತೆರಡರ ಲೆಕ್ಕ

2019ರ ಆಗಸ್ಟ್ 6ರಂದು ಪೋರ್ಟ್ಸ್‌ಮತ್‌ನಲ್ಲಿ ನಡೆದ ಲೀಗ್ ಕಪ್ ಪಂದ್ಯದಲ್ಲಿ ಬರ್ಮಿಂಗ್‌ಹ್ಯಾಮ್ ಸಿಟಿ 3–0ಯಿಂದ ಸೋತಿತು. ಸೋತವರೂ ಗೆದ್ದವರೂ ಬೇಗ ಮರೆಯುವಂಥ ಪಂದ್ಯ. ಆದರೂ ಅದು ದಾಖಲೆ ಪುಸ್ತಕದಲ್ಲಿ ಉಳಿಯಿತು, ಏಕೆಂದರೆ ಅಂದು ಬರ್ಮಿಂಗ್‌ಹ್ಯಾಮ್ ಪರ ಕಣಕ್ಕಿಳಿದ ಜೂಡ್ ಬೆಲಿಂಗಮ್‌ಗೆ ಆಗಿದ್ದದ್ದು 16 ವರ್ಷ 38 ದಿನ. ಕ್ಲಬ್ಬಿನ ಅತಿ ಕಿರಿಯ ಆಟಗಾರನೆಂಬ ಹೆಸರು ಅಲ್ಲಿಯವರೆಗೆ ಟ್ರೆವರ್ ಫ್ರಾನ್ಸಿಸ್ ಅವರದಾಗಿತ್ತು. 1970ರಲ್ಲಿ ಆ ದಾಖಲೆ ಮಾಡಿದ ಫ್ರಾನ್ಸಿಸ್ ಮುಂದೆ ಬ್ರಿಟನ್ನಿನ ಮೊದಲ ಹತ್ತು ಲಕ್ಷ ಪೌಂಡಿನ ಆಟಗಾರ ಎನಿಸಿಕೊಂಡವರು. ಹೋಲಿಕೆಗೆ ಇಷ್ಟು ಸಾಕಾಯಿತು. ಹುಡುಗ ಇನ್ನೂ ಒಂದು ಗೋಲು ಹೊಡೆಯುವ ಮೊದಲೇ ಅವನ ಸುತ್ತ ಕಥೆ ಬೆಳೆಯತೊಡಗಿತು.

ಬೆಲಿಂಗಮ್ ಬಗ್ಗೆ ಬಂದ ಬರಹಗಳಲ್ಲಿ ಹೆಚ್ಚಿನವು ಈ ವಯಸ್ಸಿನ ಬೆರಗಿನಲ್ಲೇ ಮುಗಿಯುತ್ತವೆ. ಅತಿ ಕಿರಿಯ ಆಟಗಾರ, ಅತಿ ಕಿರಿಯ ಗೋಲುಗಾರ, ಅತಿ ಕಿರಿಯ ನಾಯಕ. ವಯಸ್ಸನ್ನು ಬದಿಗಿಟ್ಟು ಆಟವನ್ನಷ್ಟೇ ನೋಡಿದರೆ ಅವನ ಮೊದಲ ನಾಲ್ಕು ಋತುಗಳು ಬೇರೆಯದೇ ಕಥೆ ಹೇಳುತ್ತವೆ. ಅದು ಗೋಲು ಹೊಡೆಯುವವನ ಕಥೆಯಲ್ಲ. ನಡುಮೈದಾನದ ಎಲ್ಲ ಕೆಲಸಗಳನ್ನೂ ಒಂದೊಂದಾಗಿ ಕಲಿತವನ ಕಥೆ.

ಆ ಕಲಿಕೆಗೆ ಒಂದು ಸಂಖ್ಯೆಯೇ ಇದೆ. ಬರ್ಮಿಂಗ್‌ಹ್ಯಾಮ್ ಅಕಾಡೆಮಿಯಲ್ಲಿ ಅವನನ್ನು ತಿದ್ದಿದ ಕೋಚ್ ಮೈಕ್ ಡಾಡ್ಸ್ ಹುಡುಗನಿಗೆ ಹೇಳಿದ್ದು ಸರಳ ಕೂಡಿಕೆಯ ಲೆಕ್ಕ. ರಕ್ಷಣೆಯ ಮುಂದೆ ನಿಂತು ಚೆಂಡು ಕಸಿಯುವವನು 4, ಎರಡೂ ಪೆನಾಲ್ಟಿ ಬಾಕ್ಸುಗಳ ನಡುವೆ ಓಡಾಡುವವನು 8, ಸ್ಟ್ರೈಕರ್ ಹಿಂದೆ ನಿಂತು ಆಟ ಕಟ್ಟುವವನು 10. ಹತ್ತೇ ಆಗಬೇಕೆಂಬ ಹಟ ಬೇಡ, ಮೂರೂ ಆಗಬಹುದು ಎಂದರು ಡಾಡ್ಸ್. ಕೂಡಿದರೆ 22. ಬೆಲಿಂಗಮ್‌ನ ಬೆನ್ನ ಮೇಲೆ ಬಂದದ್ದು ಅದೇ ಅಂಕಿ.

ಹುಟ್ಟಿದ್ದು 2003ರ ಜೂನ್ 29ರಂದು, ಬರ್ಮಿಂಗ್‌ಹ್ಯಾಮ್‌ನಿಂದ ದೂರವಲ್ಲದ ಸ್ಟೂರ್‌ಬ್ರಿಡ್ಜ್‌ನಲ್ಲಿ. ತಂದೆ ಮಾರ್ಕ್ ಪೊಲೀಸ್ ಸಾರ್ಜೆಂಟ್. ಕೆಲಸದ ನಡುವೆಯೇ ದೊಡ್ಡ ಲೀಗುಗಳ ಕೆಳಗಿನ ಸಣ್ಣ ಊರುಗಳ ತಂಡಗಳಿಗೆ ಆಡಿ ನೂರಾರು ಗೋಲು ಹೊಡೆದವರು. ಮಗ ಬರ್ಮಿಂಗ್‌ಹ್ಯಾಮ್ ಸೇರಿದ್ದು ಎಂಟರೊಳಗಿನವರ ತಂಡದಲ್ಲಿ. ಹೆಸರಾಂತ ಕ್ಲಬ್ಬುಗಳ ಅಕಾಡೆಮಿಗಳಿಗೆ ಹಾರದೆ ಅಲ್ಲಿಯೇ ಬೆಳೆದ.

2019–20ರ ಋತುವಿನಲ್ಲಿ ಅವನು ಎಲ್ಲ ಸ್ಪರ್ಧೆಗಳೂ ಸೇರಿ 44 ಪಂದ್ಯ ಆಡಿದ, 4 ಗೋಲು ಹೊಡೆದ. ಮೊದಲನೆಯದು ಆಗಸ್ಟ್ 31ರಂದು ಸ್ಟೋಕ್ ಸಿಟಿ ವಿರುದ್ಧ. ನಾಲ್ಕು ಗೋಲು ಯಾರ ಕಣ್ಣನ್ನೂ ಕುಕ್ಕುವ ಸಂಖ್ಯೆಯಲ್ಲ. ಆದರೆ ಅವನು ಆಡಿದ ಚಾಂಪಿಯನ್‌ಷಿಪ್ ಎಂಥ ಲೀಗ್ ಎಂಬುದನ್ನು ನೆನಪಿಡಬೇಕು. ಇಂಗ್ಲೆಂಡಿನ ಎರಡನೇ ದರ್ಜೆಯ ಆ ಲೀಗಿನಲ್ಲಿ 24 ತಂಡಗಳು, ಒಂದೊಂದಕ್ಕೂ 46 ಪಂದ್ಯ, ಶನಿವಾರ ಆಡಿ ಮಂಗಳವಾರ ಮತ್ತೆ ಆಡುವ ದಿನಚರಿ. ಮೂವತ್ತು ದಾಟಿದ ಗಟ್ಟಿ ಮೈಯವರು ಹದಿನಾರರ ಹುಡುಗನೆಂದು ಕನಿಕರ ತೋರಿಸುವ ಜಾಗವಲ್ಲ ಅದು. ಕೋಚ್ ಪೆಪ್ ಕ್ಲೋಟೆಟ್ ಅವನನ್ನು ಕೆಲವೊಮ್ಮೆ ಅಂಚಿನಲ್ಲಿ, ಕೆಲವೊಮ್ಮೆ ನಡುವೆ ಆಡಿಸಿದರು. ತಂಡ 20ನೇ ಸ್ಥಾನದಲ್ಲಿ ಮುಗಿಸಿ ಕೆಳದರ್ಜೆಗೆ ಜಾರುವುದರಿಂದ ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತು. ಸೋಲುವ ತಂಡದಲ್ಲಿ ಆಡುವವನು ಚೆಂಡಿಲ್ಲದಾಗಿನ ಕೆಲಸವನ್ನು ಕಲಿಯಲೇಬೇಕು. ಹಿಂದೆ ಓಡಬೇಕು, ಜಾಗ ಮುಚ್ಚಬೇಕು, ಕಾಲಿಟ್ಟು ಚೆಂಡು ಕಸಿಯಬೇಕು. ದೊಡ್ಡ ಕ್ಲಬ್ಬಿನ ಅಕಾಡೆಮಿಯಲ್ಲಿ ತನ್ನದೇ ವಯಸ್ಸಿನವರನ್ನು ವಾರವಾರ ಸೋಲಿಸುತ್ತ ಬೆಳೆದಿದ್ದರೆ ಈ ವಿದ್ಯೆ ಅವನಿಗೆ ಇಷ್ಟು ಬೇಗ ದಕ್ಕುತ್ತಿರಲಿಲ್ಲ.

ಆ ಋತು ಮುಗಿದು ಅವನು ಕ್ಲಬ್ ಬಿಟ್ಟು ಹೊರಟಾಗ ಬರ್ಮಿಂಗ್‌ಹ್ಯಾಮ್ 22ನೇ ಸಂಖ್ಯೆಯ ಜೆರ್ಸಿಯನ್ನು ಇನ್ನಾರಿಗೂ ಕೊಡುವುದಿಲ್ಲವೆಂದು ಘೋಷಿಸಿತು. ಒಂದೇ ಋತು ಆಡಿದ ಹದಿನೇಳರ ಹುಡುಗನಿಗೆ ಇಷ್ಟು ದೊಡ್ಡ ಗೌರವವೇ ಎಂದು ಇಂಗ್ಲೆಂಡಿನಲ್ಲಿ ಅನೇಕರು ನಕ್ಕರು. ಆ ನಗುವಿನಲ್ಲಿ ಅನ್ಯಾಯವಿತ್ತು. ಹಣಕಾಸಿನ ನಿಯಮ ಮೀರಿದ್ದಕ್ಕೆ 2019ರ ಮಾರ್ಚ್‌ನಲ್ಲಿ 9 ಅಂಕ ಕಳೆದುಕೊಂಡಿದ್ದ ಕ್ಲಬ್ಬಿಗೆ ಸುಮಾರು 2.5 ಕೋಟಿ ಪೌಂಡ್ ತಂದುಕೊಟ್ಟ ಮನೆಮಗ ಅವನು. ಕೃತಜ್ಞತೆ ನಿಜವಾದದ್ದೇ. ಆದರೂ ಗೌರವದ ಬಗೆ ತಪ್ಪಿತು. ಮೂರು ಕೆಲಸಗಳನ್ನು ಕಲಿ ಎಂದು ಒಬ್ಬ ಹುಡುಗನಿಗೆ ಹೇಳಿದ ಸಂಖ್ಯೆಯನ್ನು ಗೋಡೆಗೆ ತೂಗುಹಾಕುವುದಕ್ಕಿಂತ ಅದೇ ಅಕಾಡೆಮಿಯ ಮುಂದಿನ ಹುಡುಗನ ಬೆನ್ನಿಗೆ ಕೊಟ್ಟಿದ್ದರೆ ಚೆನ್ನಾಗಿರುತ್ತಿತ್ತು.

ಅವನ ಆರಂಭದ ವರ್ಷಗಳ ಅತ್ಯುತ್ತಮ ನಿರ್ಧಾರ ಮೈದಾನದ ಹೊರಗೆ ಆದದ್ದು. 2020ರ ಮಾರ್ಚ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅವನನ್ನೂ ಕುಟುಂಬದವರನ್ನೂ ತನ್ನ ತರಬೇತಿ ಕೇಂದ್ರಕ್ಕೆ ಕರೆಸಿತು. ಆ ಕ್ಲಬ್ಬಿನ ಹಿಂದಿನ ಮ್ಯಾನೇಜರ್ ಸರ್ ಅಲೆಕ್ಸ್ ಫರ್ಗುಸನ್ ಅವರೇ ಬಂದು ಮಾತಾಡಿದರು. ಇಂಗ್ಲೆಂಡಿನ ಹುಡುಗನೊಬ್ಬನಿಗೆ ಅದಕ್ಕಿಂತ ದೊಡ್ಡ ಕರೆ ಯಾವುದಿತ್ತು? ಆದರೂ ಬೆಲಿಂಗಮ್ ಕುಟುಂಬ ಆರಿಸಿಕೊಂಡದ್ದು ಜರ್ಮನಿಯ ಬೊರುಸ್ಸಿಯಾ ಡಾರ್ಟ್‌ಮಂಡ್. ಜೇಡನ್ ಸ್ಯಾಂಚೊ ಹದಿನೇಳರಲ್ಲೇ ಮ್ಯಾಂಚೆಸ್ಟರ್ ಸಿಟಿ ಬಿಟ್ಟು ಅಲ್ಲಿಗೆ ಹೋಗಿ ಮೊದಲ ಹನ್ನೊಂದರಲ್ಲಿ ಜಾಗ ಗಿಟ್ಟಿಸಿದ್ದು ಕಣ್ಣೆದುರಿನ ಉದಾಹರಣೆ. ಡಾರ್ಟ್‌ಮಂಡ್ ಕೊಡಬಹುದಾಗಿದ್ದದ್ದು ಆಡುವ ಅವಕಾಶ, ಅದೂ ವಾರವಾರ.

ಆ ಅವಕಾಶವನ್ನು ಅವನು ಮೊದಲ ದಿನವೇ ಹಿಡಿದುಕೊಂಡ. 2020ರ ಸೆಪ್ಟೆಂಬರ್ 14ರಂದು ಡ್ಯೂಸ್‌ಬರ್ಗ್ ವಿರುದ್ಧದ ಜರ್ಮನ್ ಕಪ್ ಪಂದ್ಯದಲ್ಲಿ ಗೋಲು. ಎರಡು ತಿಂಗಳ ಬಳಿಕ, ನವೆಂಬರ್ 12ರಂದು ವೆಂಬ್ಲಿಯಲ್ಲಿ ಐರ್ಲೆಂಡ್ ವಿರುದ್ಧ ಇಂಗ್ಲೆಂಡ್ ಹಿರಿಯರ ತಂಡಕ್ಕೆ ಬದಲಿ ಆಟಗಾರನಾಗಿ ಪ್ರವೇಶ. 2021ರ ಏಪ್ರಿಲ್‌ನಲ್ಲಿ ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್‌ನಲ್ಲಿ ಎದುರು ನಿಂತದ್ದು ಪೆಪ್ ಗಾರ್ಡಿಯೊಲಾ ಅವರ ಮ್ಯಾಂಚೆಸ್ಟರ್ ಸಿಟಿ. ಮೊದಲ ಪಂದ್ಯದಲ್ಲಿ ಗೋಲ್‌ಕೀಪರ್‌ನಿಂದ ಚೆಂಡು ಕಸಿದು ಅವನು ಖಾಲಿ ಬಲೆಗೆ ಹೊಡೆದದ್ದನ್ನು ರೆಫ್ರಿ ಫೌಲ್ ಎಂದು ಶಿಳ್ಳೆ ಹೊಡೆದು ಅಳಿಸಿಹಾಕಿದರು. ಎರಡನೇ ಪಂದ್ಯದ 15ನೇ ನಿಮಿಷದಲ್ಲಿ ಬೆಲಿಂಗಮ್ ಮತ್ತೆ ಹೊಡೆದ, ಈ ಸಲ ಶಿಳ್ಳೆ ಬರಲಿಲ್ಲ. ಎರಡೂ ಪಂದ್ಯಗಳಲ್ಲಿ ಡಾರ್ಟ್‌ಮಂಡ್ 2–1ರಿಂದ ಸೋತಿತಾದರೂ ಹದಿನೇಳರ ಹುಡುಗ ಸಿಟಿಯ ನಡುಮೈದಾನದವರ ಜೊತೆ ಸರಿಸಮನಾಗಿ ಹೆಗಲು ತಾಗಿಸಿ ನಿಂತದ್ದನ್ನು ಯುರೋಪ್ ಕಂಡಿತು.

ಡಾರ್ಟ್‌ಮಂಡ್‌ನ ಮೂರು ಋತುಗಳ ಗೋಲುಗಳನ್ನು ಸಾಲಾಗಿಟ್ಟರೆ ಸಿಗುವುದು 4, 6, 14. ಎತ್ತರಕ್ಕೆ ಏರುವ ಮೆಟ್ಟಿಲಿನಂತೆ ಕಾಣುವ ಈ ಸಾಲು ಅರ್ಧವನ್ನಷ್ಟೇ ಹೇಳುತ್ತದೆ. 2021ರ ಅಕ್ಟೋಬರ್‌ನಲ್ಲಿ ಬೀಲೆಫೆಲ್ಡ್ ವಿರುದ್ಧ ಎದುರಾಳಿಗಳ ಗುಂಪನ್ನು ಸೀಳಿಕೊಂಡು ಹೋಗಿ ಗೋಲ್‌ಕೀಪರ್ ತಲೆಯ ಮೇಲಿಂದ ಮೆಲ್ಲಗೆ ಎತ್ತಿಹಾಕಿದ ಗೋಲನ್ನು ಜನ ಮತ್ತೆ ಮತ್ತೆ ನೋಡುತ್ತಾರೆ, ನೋಡಬೇಕಾದದ್ದೇ. ಆದರೆ 2022–23ರ ಋತುವಿನಲ್ಲಿ ಅವನ ಆಟಕ್ಕೆ ಬಂದ ಪಕ್ವತೆಗೆ ಆ ಒಂದು ಗೋಲು ಸಾಕ್ಷಿಯಾಗದು. ಆ ವರ್ಷ ಅವನು ಒಂದೇ ಪಂದ್ಯದಲ್ಲಿ ಹಿಂದೆ ನಿಂತು ಚೆಂಡು ಕಸಿಯುತ್ತಿದ್ದ, ಅದನ್ನು ತಾನೇ ಒಯ್ಯುತ್ತಿದ್ದ, ಸ್ಟ್ರೈಕರ್‌ಗಳು ಖಾಲಿಬಿಟ್ಟ ಜಾಗಕ್ಕೆ ಕೊನೆಯ ಗಳಿಗೆಯಲ್ಲಿ ನುಗ್ಗುತ್ತಿದ್ದ. ಚಾಂಪಿಯನ್ಸ್ ಲೀಗ್ ಗುಂಪಿನ ಮೊದಲ ನಾಲ್ಕು ಪಂದ್ಯಗಳಲ್ಲೂ ಗೋಲು. ಹತ್ತೊಂಬತ್ತರಲ್ಲೇ ನಾಯಕನ ತೋಳುಪಟ್ಟಿ. ಋತುವಿನ ಕೊನೆಗೆ ಜರ್ಮನಿಯ ಲೀಗ್ ಬುಂಡೆಸ್‌ಲಿಗಾದ ಶ್ರೇಷ್ಠ ಆಟಗಾರ. ಡಾಡ್ಸ್ ಹೇಳಿದ 4, 8, 10 ಮೂರೂ ಒಬ್ಬನಲ್ಲೇ ಕೂಡಿಬಂದ ವರ್ಷ ಅದು.

ಅದು ಕಣ್ಣೀರಿನಲ್ಲಿ ಮುಗಿದ ವರ್ಷವೂ ಹೌದು. 2023ರ ಮೇ 27ರಂದು ಮೈಂಜ್ ವಿರುದ್ಧ ಗೆದ್ದಿದ್ದರೆ ಡಾರ್ಟ್‌ಮಂಡ್ ಜರ್ಮನಿಯ ಚಾಂಪಿಯನ್. ಪಂದ್ಯ 2–2ರಲ್ಲಿ ನಿಂತಿತು, ಗೋಲುಗಳ ಅಂತರದಲ್ಲಿ ಕಿರೀಟ ಬಯರ್ನ್ ಪಾಲಾಯಿತು. ಮಂಡಿ ನೋವಿನಿಂದ ಬೆಲಿಂಗಮ್ ಬೆಂಚಿನ ಮೇಲೆ ಕೂತೇ ಇದ್ದ.

ಆ ಮಂಡಿಯನ್ನು ಸುಮ್ಮನೆ ದಾಟಿ ಹೋಗುವಂತಿಲ್ಲ. ಬರ್ಮಿಂಗ್‌ಹ್ಯಾಮ್‌ನ 44, ಡಾರ್ಟ್‌ಮಂಡ್‌ನ 132 ಸೇರಿದರೆ ಇಪ್ಪತ್ತು ತುಂಬುವ ಮೊದಲೇ ಕ್ಲಬ್ಬುಗಳಿಗಾಗಿ 176 ಪಂದ್ಯ. ದೇಶದ ಪಂದ್ಯಗಳು ಬೇರೆ. ಇಂಗ್ಲೆಂಡಿನವರಿಗೆ ಈ ಲೆಕ್ಕ ಕಂಡಾಗ ಜ್ಯಾಕ್ ವಿಲ್ಷೇರ್ ನೆನಪಾಗಬೇಕು. ಹದಿನಾರರಲ್ಲಿ ಆರ್ಸೆನಲ್‌ಗೆ ಆಡಿದವನು, 2011ರ ಫೆಬ್ರುವರಿಯಲ್ಲಿ ಬಾರ್ಸಿಲೋನಾದ ನಡುಮೈದಾನದೆದುರು ತಲೆ ಎತ್ತಿ ಆಡಿದವನು. ಆ ಋತುವಿನಲ್ಲಿ ಬಿಡುವಿಲ್ಲದೆ ಆಡಿದ ವಿಲ್ಷೇರ್ ಮುಂದಿನ ಋತುವನ್ನು ಪೂರ್ತಿ ಗಾಯದಲ್ಲೇ ಕಳೆದ, ಮೂವತ್ತಕ್ಕೇ ಬೂಟು ಕಳಚಿಟ್ಟ. ಬೆಲಿಂಗಮ್‌ನ ಮೈಕಟ್ಟು ಬೇರೆ, ಕಾಲವೂ ಬೇರೆ. ಆದರೂ 2023ರ ನವೆಂಬರ್‌ನಲ್ಲಿ ಕೀಲು ತಪ್ಪಿದ ಅವನ ಭುಜಕ್ಕೆ 2025ರ ಜುಲೈ ತನಕ ಶಸ್ತ್ರಚಿಕಿತ್ಸೆ ಆಗಲಿಲ್ಲ. ಹುಡುಗನ ಧೈರ್ಯವನ್ನು ಹೊಗಳಿದವರಲ್ಲಿ ಅವನಿಗೆ ವಿಶ್ರಾಂತಿ ಕೊಡಿ ಎಂದವರು ಕಡಿಮೆ.

ಅವನ ಆಟದ ದೊಡ್ಡ ದೋಷ ಕಾಲಿನಲ್ಲಿಲ್ಲ, ನಾಲಿಗೆಯಲ್ಲಿದೆ. 2021ರ ಡಿಸೆಂಬರ್‌ನಲ್ಲಿ ಬಯರ್ನ್ ವಿರುದ್ಧ ಸೋತ ಮೇಲೆ ಟಿ.ವಿ. ಕ್ಯಾಮೆರಾದೆದುರು ರೆಫ್ರಿಯ ಹಳೆಯ ಪ್ರಕರಣವೊಂದನ್ನು ಕೆದಕಿ 40,000 ಯೂರೊ ದಂಡ ತೆತ್ತ. 2024ರ ಮಾರ್ಚ್‌ನಲ್ಲಿ ವಲೆನ್ಸಿಯಾದಲ್ಲಿ, ಪಂದ್ಯ ಮುಗಿದ ಮೇಲೆ ವಾದಕ್ಕಿಳಿದು ಕೆಂಪು ಕಾರ್ಡ್ ಪಡೆದ. ಸೋಲನ್ನು ಸಹಿಸದ ಗುಣವೇ ಅವನ ಬಲ ಎನ್ನುವ ಅಭಿಮಾನಿಗಳ ಮಾತನ್ನು ಒಪ್ಪುವುದು ಕಷ್ಟ. ರೆಫ್ರಿಯ ಜೊತೆ ಜಗಳವಾಡುವ ಹೊತ್ತು ಮಿಡ್‌ಫೀಲ್ಡರ್ ತನ್ನ ಜಾಗದಲ್ಲಿ ಇರುವುದಿಲ್ಲ, ತಂಡಕ್ಕೆ ಅದರಿಂದ ನಷ್ಟವೇ.

2023ರ ಬೇಸಿಗೆಯಲ್ಲಿ ರಿಯಲ್ ಮ್ಯಾಡ್ರಿಡ್ 10.3 ಕೋಟಿ ಯೂರೊ ತೆತ್ತು ಅವನನ್ನು ಕೊಂಡಿತು. ಬೆಂಜೆಮಾ ಬಿಟ್ಟುಹೋಗಿದ್ದರು, ಸ್ಟ್ರೈಕರ್ ಜಾಗ ಖಾಲಿಯಿತ್ತು. ಕೋಚ್ ಆಂಚೆಲೊಟ್ಟಿ ಬೆಲಿಂಗಮ್‌ನನ್ನು ಎದುರಾಳಿಯ ಗೋಲಿನ ಹತ್ತಿರಕ್ಕೆ ತಳ್ಳಿದರು. ಲೀಗಿನಲ್ಲೇ 19 ಗೋಲು ಬಂತು, ಬಾರ್ಸಿಲೋನಾ ವಿರುದ್ಧದ ಮೊದಲ ಪಂದ್ಯದಲ್ಲೇ ಎರಡು. ಲೀಗ್, ಚಾಂಪಿಯನ್ಸ್ ಲೀಗ್ ಎರಡೂ ಗೆದ್ದ ಮ್ಯಾಡ್ರಿಡ್‌ನ ಆ ವರ್ಷವನ್ನೇ ಲೋಕ ಅವನ ಶಿಖರ ಎಂದು ಗುರುತಿಸಿತು, ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿಓರ್ ಪ್ರಶಸ್ತಿಯ ಪಟ್ಟಿಯಲ್ಲಿ ಮೂರನೆಯವನಾದ. ಮುಂದಿನ ಋತುವಿಗೆ ಗೋಲು ಹೊಡೆಯಲು ಎಂಬಾಪೆ ಬಂದರು, ನಡುಮೈದಾನದ ಟೋನಿ ಕ್ರೂಸ್ ನಿವೃತ್ತರಾಗಿದ್ದರು, ಬೆಲಿಂಗಮ್ ಮತ್ತೆ ಹಿಂದಕ್ಕೆ ಸರಿದ. ಲೀಗಿನಲ್ಲಿ ಬಂದದ್ದು 9 ಗೋಲು. ಕೂಡಲೇ ಕುಸಿತದ ಮಾತು ಶುರುವಾಯಿತು.

ಇದು ಅಳತೆಗೋಲಿನ ತಪ್ಪು. ಹತ್ತನೆಯ ಅಂಕಿಯ ಕೆಲಸವೊಂದನ್ನೇ ಮಾಡಿದ ವರ್ಷವನ್ನು ಶಿಖರವೆಂದು ಕರೆದವರಿಗೆ, ನಾಲ್ಕು ಮತ್ತು ಎಂಟರ ಕೆಲಸಕ್ಕೆ ಮರಳಿದ ವರ್ಷ ಇಳಿಜಾರಿನಂತೆ ಕಂಡಿತು. ಬೆಲಿಂಗಮ್‌ನ ಆರಂಭದ ವರ್ಷಗಳಲ್ಲಿ ಅತ್ಯುತ್ತಮವಾದದ್ದು ಡಾರ್ಟ್‌ಮಂಡ್‌ನ ಕೊನೆಯ ವರ್ಷ, ಮ್ಯಾಡ್ರಿಡ್‌ನ ಮೊದಲ ವರ್ಷವಲ್ಲ.

ಡಾರ್ಟ್‌ಮಂಡ್‌ನ ಆ ಕೊನೆಯ ವರ್ಷದ ನಡುವೆ ಬಂದದ್ದು ಕತಾರ್ ವಿಶ್ವಕಪ್. ಇರಾನ್ ವಿರುದ್ಧ ಲ್ಯೂಕ್ ಶಾ ಎತ್ತಿಕೊಟ್ಟ ಚೆಂಡಿಗೆ ತಲೆ ಕೊಟ್ಟು ಹೊಡೆದ ಗೋಲು ಎಲ್ಲರಿಗೂ ನೆನಪಿದೆ. ಅದಕ್ಕಿಂತ ಚೆನ್ನಾಗಿ ಅವನನ್ನು ತೋರಿಸುವುದು 2022ರ ಡಿಸೆಂಬರ್ 4ರಂದು ಸೆನೆಗಲ್ ವಿರುದ್ಧ ಮೊದಲರ್ಧ ಮುಗಿಯುವ ಹೊತ್ತಿಗೆ ಬಂದ ಇಂಗ್ಲೆಂಡಿನ ಎರಡನೇ ಗೋಲು. ನಡುಮೈದಾನದಲ್ಲಿ ಚೆಂಡು ಗೆದ್ದ ಬೆಲಿಂಗಮ್ ಎದುರಾಳಿಗಳ ನಡುವಿನಿಂದ ಅದನ್ನು ಮುಂದಕ್ಕೆ ಒಯ್ದು ಫಿಲ್ ಫೋಡನ್‌ಗೆ ದಾಟಿಸಿದ, ಫೋಡನ್ ಅದನ್ನು ಹ್ಯಾರಿ ಕೇನ್‌ಗೆ ಕೊಟ್ಟ, ಕೇನ್ ಬಲೆ ಸೇರಿಸಿದ. ಅಂಕಿಪಟ್ಟಿಯಲ್ಲಿ ಆ ಗೋಲು ಕೇನ್ ಹೆಸರಿನಲ್ಲಿದೆ, ಕೊನೆಯ ಪಾಸ್ ಫೋಡನ್ ಹೆಸರಿನಲ್ಲಿದೆ. ಬೆಲಿಂಗಮ್ ಹೆಸರು ಅಲ್ಲಿಲ್ಲ.